ಚೀಟಿಯಲ್ಲಿ ಬರೆಯದೆ ಉಳಿದದ್ದು: ಕ್ರಿಸ್ಮಸ್ ಕೇಕಿನ ಬಾದಾಮಿ ಮಿಠಾಯಿಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಗೆಳತಿಯೊಬ್ಬಳು ಮಂಗಳೂರಿನ ಕೊಂಕಣಿ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ಕೆಲವು ವರ್ಷಗಳಿಂದ ಪ್ರತಿ ಡಿಸೆಂಬರಿನಲ್ಲಿ ಪರಿಚಿತರಿಗಾಗಿ ಮನೆಯಲ್ಲೇ ಪ್ಲಮ್ ಕೇಕ್ ಮಾಡಿಕೊಡುತ್ತಾಳೆ. ಅಲ್ಲಿಯವರೆಗೆ ಕೇಕನ್ನು ಬರಿದಾಗಿಯೇ ಕೊಡುತ್ತಿದ್ದವಳು ಆ ವರ್ಷ ಆರು ಕೇಕುಗಳಿಗೆ ಹಳೆಯ ಕ್ರಮದಲ್ಲಿ ಬಾದಾಮಿ ಮಿಠಾಯಿಯ ಹೊದಿಕೆ ಹಾಕಿ, ಅದರ ಮೇಲೆ ಬಿಳಿ ಐಸಿಂಗ್ ಬಳಿದು ಕೊಡುವುದಾಗಿ ಒಪ್ಪಿಕೊಂಡಿದ್ದಳು. ಜೊತೆಗೆ ಜರ್ಮನಿಯ ಸ್ಟೋಲನ್ ಮಾದರಿಯ ಎರಡು ಹಣ್ಣಿನ ಬ್ರೆಡ್ಡುಗಳೂ ಇದ್ದವು. ಅವುಗಳ ನಡುವೆ ಇದೇ ಬಾದಾಮಿ ಮಿಠಾಯಿಯ ಸುರುಳಿ ಇರಬೇಕಿತ್ತು. ಎಲ್ಲವನ್ನೂ ತಲುಪಿಸಬೇಕಾದ ದಿನ ಡಿಸೆಂಬರ್ 22.

ಈ ಮಿಠಾಯಿಯನ್ನು ಯುರೋಪಿನಲ್ಲಿ ಮಾರ್ಜಿಪಾನ್ ಎನ್ನುತ್ತಾರೆ. ಸಿಪ್ಪೆ ಸುಲಿದ ಬಾದಾಮಿಯನ್ನು ನುಣ್ಣಗೆ ಅರೆದು ಸಕ್ಕರೆಯೊಂದಿಗೆ ನಾದಿ ಮಾಡಿದ ಮೆತ್ತನೆಯ ಮುದ್ದೆ ಅದು. ನಮ್ಮ ಬಾದಾಮಿ ಬರ್ಫಿಗೆ ಬಹಳ ಹತ್ತಿರದ ನಂಟು. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಸಮಯಕ್ಕೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳ ಸಮೂಹಕ್ಕೆ ಕುಸ್ವಾರ್ ಎಂದು ಹೆಸರು. ಕಿಡಿಯೊ, ನೆವ್ರಿ, ಗುಳಿಯೊಗಳ ನಡುವೆ ಅಚ್ಚಿನಲ್ಲಿ ಒತ್ತಿ ತೆಗೆದ ಬಣ್ಣದ ಮಾರ್ಜಿಪಾನ್ ಕೂಡ ಅನೇಕ ಮನೆಗಳಲ್ಲಿ ಇರುತ್ತದೆ. ಆದರೆ ಅಲ್ಲಿ ಅದನ್ನು ಹೆಚ್ಚಾಗಿ ಗೋಡಂಬಿಯಿಂದಲೇ ಮಾಡುತ್ತಾರೆ. ಪೋರ್ಚುಗೀಸರು ತಂದ ಗೇರು ಮರ ಕರಾವಳಿಯ ಗುಡ್ಡಗಳಲ್ಲಿ ಬೇರೂರಿ, ಗೇರುಬೀಜದ ಕಾರ್ಖಾನೆಗಳು ಮಂಗಳೂರಿನ ಸುತ್ತ ಬೆಳೆದ ಮೇಲೆ, ದೂರದಿಂದ ಬರುವ ದುಬಾರಿ ಬಾದಾಮಿಯ ಜಾಗವನ್ನು ಮನೆಯಂಗಳದ ಗೋಡಂಬಿ ತುಂಬಿದ್ದು ಸಹಜವೇ ಆಗಿದೆ. ಗೆಳತಿಯ ತವರಿನಲ್ಲೂ ಅಚ್ಚಿನ ಮಿಠಾಯಿಗೆ ಗೋಡಂಬಿ, ಕೇಕಿನ ಹೊದಿಕೆಗೆ ಮಾತ್ರ ಬಾದಾಮಿ ಎಂಬ ವಾಡಿಕೆ ಇತ್ತು. ಈ ವ್ಯತ್ಯಾಸ ಮುಂದೆ ಈ ಪ್ರಕರಣದಲ್ಲಿ ಮುಖ್ಯವಾಗುತ್ತದೆ.

ತಾಯಿ ಬರೆದುಕೊಟ್ಟಿದ್ದ ಚೀಟಿ ಚಿಕ್ಕದು: ಬಾದಾಮಿ ಕಾಲು ಕಿಲೊ, ಸಕ್ಕರೆ ಪುಡಿ ಕಾಲು ಕಿಲೊ, ಒಂದು ಮೊಟ್ಟೆಯ ಬಿಳಿ, ಸ್ವಲ್ಪ ಪನ್ನೀರು, ಎರಡು ಹನಿ ಬಾದಾಮಿ ಎಸೆನ್ಸ್, "ನುಣ್ಣಗೆ ಕಡೆದು ನಾದುವುದು." ಇದರಲ್ಲಿ ತಪ್ಪೇನೂ ಇಲ್ಲ. ಎಂಟು ಇಂಚಿನ ಒಂದು ಕೇಕಿನ ಮೇಲ್ಭಾಗ ಮತ್ತು ಸುತ್ತುಗೋಡೆಗೆ ಸಾಕಾಗುವ, ನೂರಾರು ಮನೆಗಳಲ್ಲಿ ಒಪ್ಪಿತವಾದ ಅಳತೆಯೇ ಅದು. ಹೀಗಿದ್ದರೂ ಒಂದೇ ವಾರದಲ್ಲಿ ಎರಡು ಬಾರಿ ಕೆಲಸ ಕೆಟ್ಟಿತು, ಎರಡು ಬಾರಿಯೂ ಬೇರೆ ಬೇರೆ ಕಾರಣದಿಂದ. ಆಹಾರ ವಿಜ್ಞಾನ ಓದಿದವಳೆಂದು ನನ್ನನ್ನು ಕರೆದದ್ದು ಮೊದಲ ಸೋಲಿನ ನಂತರ; ಎರಡನೆಯದು ನನ್ನ ಕಣ್ಣೆದುರಿಗೇ ನಡೆಯಿತು, ಅದರಲ್ಲಿ ನನ್ನ ಪಾಲೂ ಇತ್ತು.

ಮೊದಲ ಮುದ್ದೆ: ಎಣ್ಣೆ ಬಿಟ್ಟದ್ದು

ಡಿಸೆಂಬರ್ 9ರಂದು ಆಕೆ ಮೊದಲ ಮುದ್ದೆಯನ್ನು ಚೀಟಿಯಂತೆಯೇ ತಯಾರಿಸಿ, ಕೇಕಿಗೆ ಏಪ್ರಿಕಾಟ್ ಜ್ಯಾಮ್ ಸವರಿ ಹೊದಿಸಿದಳು. ಮರುದಿನ ಸಂಜೆ ಅದರ ಮೇಲೆ ಬಿಳಿ ಐಸಿಂಗ್ ಬಳಿದಳು. ಡಿಸೆಂಬರ್ 12ರ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದಾಗ ಐಸಿಂಗಿನ ಮೇಲೆ ನಾಲ್ಕಾಣೆಯಷ್ಟಗಲದ ತೆಳು ಹಳದಿ ಕಲೆಗಳು ಅಲ್ಲಲ್ಲಿ ಮೂಡಿದ್ದವು. ಕಲೆಯ ನಡುವೆ ಬೆರಳಿಟ್ಟರೆ ಒದ್ದೆ ಅನ್ನಿಸುತ್ತಿರಲಿಲ್ಲ. ಬೆರಳಿನ ತುದಿ ಮಾತ್ರ ಹೊಳೆಯುತ್ತಿತ್ತು. ಅದು ನೀರಲ್ಲ, ಎಣ್ಣೆ ಎಂಬುದು ಅಲ್ಲಿಯೇ ಖಚಿತವಾಯಿತು.

ಬಾದಾಮಿಯ ಹೊದಿಕೆ ಕೇವಲ ರುಚಿಗಾಗಿ ಇರುವುದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹಣ್ಣು, ಸುಟ್ಟ ಸಕ್ಕರೆ ಮತ್ತು ರಮ್ ಹೀರಿದ ಕಪ್ಪು ಕೇಕಿನ ಬಣ್ಣ ಬಿಳಿ ಐಸಿಂಗಿಗೆ ಹತ್ತದಂತೆ ತಡೆಯುವುದು, ಕೇಕಿನ ತೇವ ಆರಿಹೋಗದಂತೆ ಕಾಯುವುದು, ಉಬ್ಬುತಗ್ಗುಗಳನ್ನು ಮುಚ್ಚಿ ಮೇಲ್ಮೈಯನ್ನು ಸಮಮಾಡುವುದು, ಈ ಮೂರೂ ಅದರ ಕೆಲಸ. ಕಲೆ ತಡೆಯಬೇಕಾದ ಪದರವೇ ಕಲೆ ಮಾಡಿದರೆ ಅದನ್ನು ಹಾಕಿ ಪ್ರಯೋಜನವಿಲ್ಲ.

ಆಕೆ ಮಾಡಿದ್ದನ್ನು ನಾವು ಮತ್ತೊಮ್ಮೆ, ಹೆಜ್ಜೆ ಹೆಜ್ಜೆಯಾಗಿ, ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದೆವು. ಸುಲಿದು ಒಲೆಯಲ್ಲಿ ಚೆನ್ನಾಗಿ ಒಣಗಿಸಿದ ಬಾದಾಮಿಯನ್ನು ಮಿಕ್ಸಿಯ ಸಣ್ಣ ಜಾರಿಗೆ ಹಾಕಿ, ನುಣ್ಣಗಾಗಲೆಂದು ನಾಲ್ಕು ನಿಮಿಷ ಬಿಡದೆ ತಿರುಗಿಸಿದ್ದಳು. ಸಕ್ಕರೆ, ಪನ್ನೀರು, ಮೊಟ್ಟೆಯ ಬಿಳಿ ಸೇರಿದ್ದು ಆಮೇಲೆ, ತಟ್ಟೆಯಲ್ಲಿ ನಾದುವಾಗ. ಎರಡನೆಯ ನಿಮಿಷದಲ್ಲಿ ಪುಡಿ ಜಾರಿನ ಗೋಡೆಗೆ ಅಂಟಿತು, ಮೂರನೆಯ ನಿಮಿಷದಲ್ಲಿ ಗುಪ್ಪೆಯಾಯಿತು, ನಾಲ್ಕನೆಯದರ ಕೊನೆಗೆ ಬ್ಲೇಡಿನ ಸುತ್ತ ಹೊಳೆಯುವ ಒಂದು ಉಂಗುರ ಕಾಣಿಸಿಕೊಂಡಿತು. ಜಾರನ್ನು ಅಂಗೈಯಲ್ಲಿ ಹಿಡಿದುಕೊಳ್ಳಲಾಗದಷ್ಟು ಬಿಸಿಯಿತ್ತು. ಮುದ್ದೆಯ ಒಳಗೆ ಥರ್ಮಾಮೀಟರ್ ಚುಚ್ಚಿದಾಗ 58 ಡಿಗ್ರಿ ತೋರಿಸಿತು.

ಕಾರಣ ಬಾದಾಮಿಯ ಸ್ವಭಾವದಲ್ಲೇ ಇದೆ. ಬಾದಾಮಿಯ ತೂಕದ ಸುಮಾರು ಅರ್ಧ ಭಾಗ ಎಣ್ಣೆ. ನೀರು ನೂರಕ್ಕೆ ನಾಲ್ಕೈದು ಭಾಗ ಮಾತ್ರ. ಈ ಎಣ್ಣೆ ಬೀಜದ ಕಣಗಳೊಳಗೆ ಅತಿಸೂಕ್ಷ್ಮ ಹನಿಗಳಾಗಿ, ಪ್ರೋಟೀನಿನ ಹೊದಿಕೆಯಲ್ಲಿ ಕುಳಿತಿರುತ್ತದೆ. ಬ್ಲೇಡು ಕಣಗಳನ್ನು ಒಡೆದಾಗ ಹನಿಗಳು ಹೊರಬರುತ್ತವೆ. ಆಗ ಸ್ವಲ್ಪ ನೀರು ಹತ್ತಿರದಲ್ಲಿದ್ದರೆ ಬಾದಾಮಿಯ ಪ್ರೋಟೀನು ಆ ನೀರನ್ನೂ ಎಣ್ಣೆಯ ಹನಿಗಳನ್ನೂ ಒಟ್ಟಿಗೆ ಹಿಡಿದಿಟ್ಟು ಹಾಲಿನಂತೆ ಒಂದಾಗಿಸುತ್ತದೆ. ನೀರಿಲ್ಲದೆ, ಜೊತೆಗೆ ಬಿಸಿಯೂ ಏರಿದರೆ, ಹನಿಗಳು ಒಂದನ್ನೊಂದು ಕೂಡಿಕೊಂಡು ಎಣ್ಣೆಯಾಗಿ ಹರಿಯುತ್ತವೆ. ಹೀಗೆ ಒಮ್ಮೆ ಬೇರೆಯಾದ ಎಣ್ಣೆಯನ್ನು ಆಮೇಲೆ ಎಷ್ಟು ನಾದಿದರೂ ಪೂರ್ತಿ ಹಿಂದಕ್ಕೆ ತರಲಾಗುವುದಿಲ್ಲ. ನಾದಿದಷ್ಟೂ ಇನ್ನಷ್ಟು ಹೊರಗೆ ಬರುತ್ತದೆ.

ಇದಕ್ಕೆ ಇನ್ನೆರಡು ಸಂಗತಿಗಳು ಕೂಡಿದ್ದವು. ಒಳ್ಳೆಯ ಕೇಕಿಗೆ ಒಳ್ಳೆಯ ಬಾದಾಮಿಯೇ ಇರಲಿ ಎಂದು ಆಕೆ ಹಲವು ಪಟ್ಟು ಬೆಲೆಯ ಮಾಮ್ರಾ ಬಾದಾಮಿ ತಂದಿದ್ದಳು. ಎಣ್ಣೆಯಂಶ ಹೆಚ್ಚೆಂಬುದೇ ಮಾಮ್ರಾದ ಹೆಗ್ಗಳಿಕೆ. ನೆನೆಸಿ ತಿನ್ನುವವರಿಗೆ ಅದು ಗುಣ, ಅರೆದು ಹಿಟ್ಟಾಗಿಸುವವರಿಗೆ ತೊಡಕು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ, ಚಪ್ಪಟೆಯಾದ ಸಮಗಾತ್ರದ ಕ್ಯಾಲಿಫೋರ್ನಿಯಾ ಬಾದಾಮಿ ಈ ಕೆಲಸಕ್ಕೆ ಮೇಲು, ಮತ್ತು ಅದರ ಸಿಪ್ಪೆಯೂ ಸುಲಭವಾಗಿ ಜಾರುತ್ತದೆ.

ಎರಡನೆಯದು ಆಕೆಯ ಕೈಯ ಅಭ್ಯಾಸ. ಕಾಜು ಕತ್ಲಿ ಮಾಡುವುದರಲ್ಲಿ ಪಳಗಿದವಳು; ಗೋಡಂಬಿಯನ್ನು ಮಿಕ್ಸಿಯಲ್ಲಿ ಹೇಗೆ ತಿರುಗಿಸುತ್ತಿದ್ದಳೋ ಬಾದಾಮಿಯನ್ನೂ ಹಾಗೆಯೇ ತಿರುಗಿಸಿದಳು. ಗೋಡಂಬಿಯಲ್ಲಿ ಎಣ್ಣೆ ನೂರಕ್ಕೆ ಸುಮಾರು 44 ಭಾಗ, ಪಿಷ್ಟವೋ ಬಾದಾಮಿಗಿಂತ ಬಹಳ ಹೆಚ್ಚು. ಆ ಪಿಷ್ಟ ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುವುದರಿಂದ ಗೋಡಂಬಿ ನಮ್ಮ ಸಣ್ಣಪುಟ್ಟ ತಪ್ಪುಗಳನ್ನು ಮನ್ನಿಸುತ್ತದೆ. ಬಾದಾಮಿಗೆ ಆ ಆಸರೆ ಇಲ್ಲ.

ಹಾಗಾದರೆ ತಾಯಿಯ ಕೈಯಲ್ಲಿ ಇದೇ ಅಳತೆ ಮೂವತ್ತು ವರ್ಷಗಳಿಂದ ಕೆಡದೆ ಬಂದದ್ದು ಹೇಗೆ? ಮಂಗಳೂರಿಗೆ ಫೋನು ಮಾಡಿ ಕೇಳಿದಾಗ ಅವರು ನನಗೆ ಕೊಟ್ಟ ಉತ್ತರ ಪ್ರಶ್ನೆಯ ರೂಪದಲ್ಲೇ ಇತ್ತು: "ಪನ್ನೀರು ಹಾಕದೆ ಬಾದಾಮಿ ಕಡೆಯಲಿಕ್ಕೆ ಉಂಟಾ ಮಗಾ?" ಕರಾವಳಿಯಲ್ಲಿ ಅರೆಯುವುದಕ್ಕೆ ಕಡೆಯುವುದು ಎನ್ನುತ್ತಾರೆ. ಅವರು ಬಾದಾಮಿಯನ್ನು ಕಡೆಯುತ್ತಿದ್ದದ್ದು ಕಡೆಯುವ ಕಲ್ಲಿನಲ್ಲಿ, ಅದೂ ಬೆಳಗಿನ ಹೊತ್ತು, ಒಂದು ಹಿಡಿ ಬಾದಾಮಿಗೆ ಒಂದು ಚಮಚ ಸಕ್ಕರೆ, ಬೆರಳು ಅದ್ದಿ ಚಿಮುಕಿಸಿದಷ್ಟು ಪನ್ನೀರು ಎಂಬ ಕ್ರಮದಲ್ಲಿ. ಭಾರವಾದ ಕಲ್ಲು ಬಿಸಿಯೇರುವುದಿಲ್ಲ; ಪನ್ನೀರು ಎಣ್ಣೆಯ ಜೊತೆ ಆಗಿಂದಾಗ್ಗೆ ಬೆರೆಯುತ್ತದೆ; ಸಕ್ಕರೆಯ ಹರಳು ಬಾದಾಮಿಯನ್ನು ಸವೆಸುತ್ತಾ ತಾನೂ ಕರಗುತ್ತದೆ. ಚೀಟಿಯಲ್ಲಿ "ಸ್ವಲ್ಪ ಪನ್ನೀರು" ಎಂದಷ್ಟೇ ಇತ್ತು, ಅದನ್ನು ಯಾವಾಗ ಹಾಕಬೇಕೆಂದು ಇರಲಿಲ್ಲ. ಅದು ಸುವಾಸನೆಗಾಗಿ ಎಂದು ಮಗಳು ಭಾವಿಸಿದ್ದಳು. ತಾಯಿಯ ಕೈಯಲ್ಲಿ ಅದು ಎಣ್ಣೆಯನ್ನು ಹಿಡಿದಿಡುವ ವಸ್ತುವಾಗಿತ್ತು. "ಅದನ್ನೆಲ್ಲ ಬರೆಯುವುದು ಎಂತಕ್ಕೆ, ಕಡೆಯುವಾಗ ಗೊತ್ತಾಗ್ತದಲ್ಲ" ಎಂದು ಅವರು ಹೇಳಿದಾಗ ನನಗೆ ಮರುಮಾತು ಹೊಳೆಯಲಿಲ್ಲ. ಕಲ್ಲಿನ ಮುಂದೆ ಕುಳಿತವರಿಗೆ ಅದು ನಿಜವಾಗಿಯೂ ಗೊತ್ತಾಗುತ್ತದೆ. ಮುಚ್ಚಿದ ಜಾರಿನಲ್ಲಿ ಗೊತ್ತಾಗುವುದಿಲ್ಲ.

ಎರಡನೆಯ ಮುದ್ದೆ: ಪುಡಿಪುಡಿಯಾದದ್ದು

ಕೇಕು ಕೇಳಿದ್ದ ಮನೆಗಳಲ್ಲಿ ಒಂದರಲ್ಲಿ ಗರ್ಭಿಣಿಯೊಬ್ಬರೂ ಇನ್ನೊಂದರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಹಸಿ ಮೊಟ್ಟೆಯ ಬಿಳಿಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವ ಅಪಾಯ ಉಂಟು. ಬಾದಾಮಿ ಹೊದಿಕೆಯನ್ನು ಮತ್ತೆ ಬೇಯಿಸುವುದಿಲ್ಲವಾದ್ದರಿಂದ ಆ ಅಪಾಯ ಹಾಗೆಯೇ ಉಳಿಯುತ್ತದೆ. ಐಸಿಂಗಿಗೆ ಆಕೆ ಮೊದಲಿನಿಂದಲೂ ಪಾಶ್ಚರೀಕರಿಸಿದ ಮೊಟ್ಟೆಬಿಳಿಯ ಪುಡಿಯನ್ನೇ ಬಳಸುತ್ತಿದ್ದಳು. ಹೊದಿಕೆಯಲ್ಲೂ ಹಸಿ ಮೊಟ್ಟೆ ಬೇಡ, ಸಕ್ಕರೆ ಪಾಕ ಕಾಯಿಸಿ ಅದರಲ್ಲಿ ಬಾದಾಮಿ ಹಿಟ್ಟನ್ನು ಕಲಸೋಣ ಎಂದು ನಾನು ಸೂಚಿಸಿದೆ. ಬಾದಾಮಿ ಬರ್ಫಿ ಮಾಡುವ ಯಾರಿಗೂ ಈ ದಾರಿ ಹೊಸದಲ್ಲ, ಯುರೋಪಿನಲ್ಲೂ ಮೊಟ್ಟೆಯಿಲ್ಲದೆ ಬೇಯಿಸಿ ಮಾಡುವ ಪದ್ಧತಿ ಇದೆ.

ಡಿಸೆಂಬರ್ 13ರಂದು ಕ್ಯಾಲಿಫೋರ್ನಿಯಾ ಬಾದಾಮಿಯನ್ನು ತಂಪಾಗಿ ಅರೆದುಕೊಂಡೆವು. ಎಣ್ಣೆಯ ಸುಳಿವಿಲ್ಲದ, ಬೆಳ್ಳನೆಯ ಹಿಟ್ಟು ಬಂತು. 250 ಗ್ರಾಂ ಸಕ್ಕರೆಗೆ 80 ಮಿಲಿಲೀಟರ್ ನೀರು ಹಾಕಿ ಒಲೆಗಿಟ್ಟು, ಪಾಕ 116 ಡಿಗ್ರಿಗೆ ಬಂದಾಗ ಇಳಿಸಬೇಕೆಂದು ನಾನೇ ಹೇಳಿದ್ದೆ. ಮೆತ್ತನೆಯ ಉಂಡೆ ಪಾಕಕ್ಕೆ ಪುಸ್ತಕಗಳಲ್ಲಿ ಕೊಡುವ ಅಂಕಿ 112ರಿಂದ 116 ಡಿಗ್ರಿ. ಹೊದಿಕೆ ಸ್ವಲ್ಪ ಗಟ್ಟಿ ಇರಲೆಂದು ಮೇಲಿನ ತುದಿಯನ್ನು ಆರಿಸಿಕೊಂಡಿದ್ದೆ. ಹಿಟ್ಟು ಸೇರಿಸಿ ಕಲಸುತ್ತಿದ್ದಂತೆಯೇ ಬಾಣಲೆಯಲ್ಲಿ ಮುದ್ದೆ ಬಿಗಿಯಿತು. ತಟ್ಟೆಗೆ ಹಾಕಿ ಆರಿದ ಮೇಲೆ ಲಟ್ಟಣಿಗೆ ಇಟ್ಟರೆ ಅಂಚುಗಳು ಬಿರುಕು ಬಿಟ್ಟು, ಕೈಯಲ್ಲಿ ಹಿಡಿದರೆ ಮರಳಿನಂತೆ ಉದುರತೊಡಗಿತು.

ತಪ್ಪು ಬೆಂಗಳೂರಿನ ಎತ್ತರದಲ್ಲಿತ್ತು, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪುಸ್ತಕದ ಅಂಕಿಗಳು ಸಮುದ್ರಮಟ್ಟದವು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ; ಇಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸಕ್ಕರೆ ಪಾಕದ ಕುದಿಬಿಂದುವೂ ಅಷ್ಟೇ ಕೆಳಗಿಳಿಯುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ 116 ಡಿಗ್ರಿ ತೋರಿಸುವ ಪಾಕ, ಮಂಗಳೂರಿನಲ್ಲಿ 119 ಡಿಗ್ರಿ ತೋರಿಸುವ ಪಾಕದಷ್ಟು ಗಟ್ಟಿಯಾಗಿರುತ್ತದೆ. ಮೆತ್ತನೆಯ ಉಂಡೆ ಪಾಕದಲ್ಲಿ ಸಕ್ಕರೆ ನೂರಕ್ಕೆ ಸುಮಾರು 85 ಭಾಗ. ಅದರ ಮುಂದಿನ ಹದದಲ್ಲಿ ಸುಮಾರು 87. ಅಂತರ ಎರಡೇ ಭಾಗವೆಂದು ತೋರಿದರೂ, ನೀರಿನ ಕಡೆಯಿಂದ ನೋಡಿದರೆ 250 ಗ್ರಾಂ ಸಕ್ಕರೆಯ ಜೊತೆ ಉಳಿಯುವ ನೀರು 44 ಗ್ರಾಮಿನಿಂದ 37 ಗ್ರಾಮಿಗೆ ಇಳಿಯುತ್ತದೆ. ಅರ್ಧ ಕಿಲೊ ಮುದ್ದೆಯನ್ನು ಮೆತ್ತಗಿಡುವ ನೀರು ಇಷ್ಟೇ ಇರುವಾಗ ಏಳು ಗ್ರಾಂ ಕಡಿಮೆಯಾದದ್ದು, ಆಮೇಲೆ ಬಿಸಿ ಬಾಣಲೆಯಲ್ಲಿ ಮತ್ತಷ್ಟು ಆರಿದ್ದು, ಎರಡೂ ಸೇರಿ ಕೆಲಸ ಕೆಟ್ಟಿತು. ಪಾಕ ಕುದಿಯುವಾಗ ಆಕೆ ಸೌಟಿನಿಂದ ತಿರುಗಿಸುತ್ತಲೇ ಇದ್ದದ್ದರಿಂದ ಸಕ್ಕರೆ ಮತ್ತೆ ಹರಳುಗಟ್ಟಿ ಮರಳುಮರಳಾಗಿತ್ತು ಕೂಡ. ಆದರೆ ಅದು ಎರಡನೆಯ ಕಾರಣ.

ಇಲ್ಲಿ ಮತ್ತೆ ತಾಯಿಯ ಪದ್ಧತಿಯೇ ಹೆಚ್ಚು ಸರಿಯಾಗಿತ್ತು ಎಂಬುದನ್ನು ಗೌರವದಿಂದ ದಾಖಲಿಸುತ್ತೇನೆ. ಅವರ ಮನೆಯಲ್ಲಿ ಥರ್ಮಾಮೀಟರ್ ಇಲ್ಲ. ಗೋಡಂಬಿ ಮಿಠಾಯಿಗೆ ಪಾಕ ಕಾಯಿಸುವಾಗ ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು, ನೀರಿನೊಳಗೇ ಬೆರಳಿನಿಂದ ಉರುಳಿಸಿ, ಮೆತ್ತನೆಯ ಉಂಡೆಯಾಗಿ, ಮೇಲೆತ್ತಿದಾಗ ಬೆರಳ ಮೇಲೆ ತುಸು ಚಪ್ಪಟೆಯಾದರೆ ಇಳಿಸುತ್ತಾರೆ. ಈ ಪರೀಕ್ಷೆ ಅಳೆಯುವುದು ಪಾಕದ ಬಿಸಿಯನ್ನಲ್ಲ, ಅದರಲ್ಲಿ ಸಕ್ಕರೆ ಎಷ್ಟು, ನೀರು ಎಷ್ಟು ಎಂಬುದನ್ನು. ಆದ್ದರಿಂದ ಅದು ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಮಡಿಕೇರಿಯಲ್ಲೂ ಒಂದೇ ಉತ್ತರ ಕೊಡುತ್ತದೆ. ಥರ್ಮಾಮೀಟರು ಹೆಚ್ಚು ನಿಖರವೆಂದು ನಂಬಿ ನಾನು ಆ ಬಟ್ಟಲನ್ನು ಬದಿಗಿಟ್ಟಿದ್ದೆ.

ಮೂರನೆಯ ಮುದ್ದೆ

ಮರುದಿನ ಮೊದಲು ಮಾಡಿದ ಕೆಲಸವೆಂದರೆ ಬರೀ ನೀರು ಕುದಿಸಿ ಥರ್ಮಾಮೀಟರ್ ಇಟ್ಟು ನೋಡಿದ್ದು. 97 ತೋರಿಸಿತು. ಅಂದರೆ ಪುಸ್ತಕದ ಯಾವುದೇ ಅಂಕಿಯಿಂದ ಮೂರು ಕಳೆಯಬೇಕು. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಊರು ಬದಲಾದಾಗಲೂ ಹೊಸ ಥರ್ಮಾಮೀಟರ್ ತಂದಾಗಲೂ ಇದನ್ನು ಮಾಡಿಕೊಂಡರೆ ಉಪಕರಣದ ದೋಷವೂ ಅದರಲ್ಲೇ ಹೊರಬೀಳುತ್ತದೆ.

250 ಗ್ರಾಂ ಬಾದಾಮಿಯನ್ನು ಕುದಿಯುವ ನೀರಿಗೆ ಹಾಕಿ ಒಂದು ನಿಮಿಷಕ್ಕೆ ತೆಗೆದು, ತಣ್ಣೀರಿಗೆ ಹಾಕಿ ಸುಲಿದೆವು. ರಾತ್ರಿಯಿಡೀ ನೆನೆಸಿ ಸುಲಿಯುವುದು ನಮ್ಮ ಮನೆಗಳ ರೂಢಿ, ಆದರೆ ಹಾಗೆ ಮಾಡಿದರೆ ಬೀಜ ಒಳಗಿನವರೆಗೆ ನೀರು ಕುಡಿಯುತ್ತದೆ. ಆ ನೀರನ್ನು ಮತ್ತೆ ತೆಗೆಯುವುದು ಕಷ್ಟ, ಉಳಿದರೆ ಮುದ್ದೆ ಅಂಟಂಟಾಗಿ ಬೂಷ್ಟು ಹಿಡಿಯುವ ಸಾಧ್ಯತೆಯೂ ಹೆಚ್ಚು. ಸುಲಿದು ಬಟ್ಟೆಯಲ್ಲಿ ಒರೆಸಿದಾಗ ತೂಕ 262 ಗ್ರಾಂ. ಫ್ಯಾನಿನ ಕೆಳಗೆ ಹರಡಿ, ಆಮೇಲೆ 100 ಡಿಗ್ರಿಯ ಓವನ್ನಿನಲ್ಲಿ ಬಣ್ಣ ಬಾರದಂತೆ ಇಟ್ಟು ತೆಗೆದಾಗ 238 ಗ್ರಾಮಿಗೆ ಬಂತು. ಸಿಪ್ಪೆಯ ತೂಕ ಹೋಗಿ, ಸುಲಿಯುವಾಗ ಹೀರಿದ ನೀರೂ ಹೋಗಿದೆ ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ. ಇನ್ನೂ 12 ಗ್ರಾಂ ಸುಲಿದ ಬಾದಾಮಿ ಸೇರಿಸಿ 250 ಮಾಡಿಕೊಂಡೆವು. ತೂಕವೇ ಇಲ್ಲಿ ನಂಬಬೇಕಾದ ಗುರುತು; ಕೈಗೆ ಒಣಗಿದಂತೆ ತೋರುವ ಬಾದಾಮಿಯ ಹೊಟ್ಟೆಯಲ್ಲಿ ನೀರು ಅಡಗಿರುತ್ತದೆ.

ಬಾದಾಮಿಯನ್ನೂ ಮಿಕ್ಸಿಯ ಜಾರನ್ನೂ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆವು. ಬಾದಾಮಿಗೆ 50 ಗ್ರಾಂ ಸಕ್ಕರೆ ಪುಡಿ ಬೆರೆಸಿ, ಮೂರು ಕಂತಿನಲ್ಲಿ, ಐದಾರು ಸೆಕೆಂಡು ತಿರುಗಿಸಿ ನಿಲ್ಲಿಸಿ ಕೆದಕುತ್ತಾ ಅರೆದೆವು. ಪುಡಿ ಗೋಡೆಗೆ ಅಂಟತೊಡಗಿದ ಕೂಡಲೇ ನಿಲ್ಲಿಸಿ ಜರಡಿ ಹಿಡಿದು, ಉಳಿದ ತರಿಯನ್ನು ಮುಂದಿನ ಕಂತಿಗೆ ಸೇರಿಸಿದೆವು. ಜಾರು ಒಮ್ಮೆಯೂ ಕೈಗೆ ಬೆಚ್ಚಗಾಗಲಿಲ್ಲ.

ಉಳಿದ 200 ಗ್ರಾಂ ಸಕ್ಕರೆಗೆ 70 ಮಿಲಿಲೀಟರ್ ನೀರು, ಒಂದು ದೊಡ್ಡ ಚಮಚ ಲಿಕ್ವಿಡ್ ಗ್ಲೂಕೋಸ್ ಹಾಕಿದೆವು. ಗ್ಲೂಕೋಸು ಸಕ್ಕರೆ ಮತ್ತೆ ಹರಳುಗಟ್ಟದಂತೆ ತಡೆಯುತ್ತದೆ, ಮುದ್ದೆಯನ್ನು ವಾರಗಳವರೆಗೆ ಮೆತ್ತಗೂ ಇಡುತ್ತದೆ. ಅದು ಸಿಗದಿದ್ದರೆ ಅರ್ಧ ಚಮಚ ನಿಂಬೆರಸ ಅದೇ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಸಕ್ಕರೆ ಕರಗಿದ ಮೇಲೆ ಸೌಟು ಮುಟ್ಟಲಿಲ್ಲ. ಪಾತ್ರೆಯ ಗೋಡೆಗೆ ಸಿಡಿದ ಹರಳನ್ನು ಒದ್ದೆ ಬ್ರಷ್ಷಿನಿಂದ ತೊಳೆದು ಕೆಳಗಿಳಿಸಿದೆವು. 112 ಡಿಗ್ರಿ ತೋರಿಸಿದಾಗ ಬಟ್ಟಲಿನ ತಣ್ಣೀರಿಗೆ ಒಂದು ಹನಿ ಬಿಟ್ಟಳು; ಉಂಡೆ ಕಟ್ಟಿತಾದರೂ ಎತ್ತುವ ಮೊದಲೇ ಬೆರಳ ನಡುವೆ ಜಾರಿತು. 113ಕ್ಕೆ ಇನ್ನೊಂದು ಹನಿ. ಈ ಬಾರಿ ಅದು ಬೆರಳ ಮೇಲೆ ನಿಂತು, ನಿಧಾನವಾಗಿ, ಚಿಕ್ಕ ತಲೆದಿಂಬಿನಂತೆ ಅಗಲವಾಯಿತು. ಕೂಡಲೇ ಒಲೆ ಆರಿಸಿದೆವು.

ಒಲೆಯಿಂದ ಇಳಿಸಿದ ಪಾಕಕ್ಕೆ ಬಾದಾಮಿ ಹಿಟ್ಟನ್ನು ಸುರಿದು, ಮುದ್ದೆ ಪಾತ್ರೆಯ ಗೋಡೆ ಬಿಡುವವರೆಗೆ ಕಲಸಿ, ತಟ್ಟೆಯಲ್ಲಿ ಹರಡಿ ಆರಲು ಬಿಟ್ಟೆವು. ಬೆರಳು ತಾಳುವಷ್ಟು ಬಿಸಿ ಉಳಿದಾಗ ಒಂದೂವರೆ ಚಮಚ ಪನ್ನೀರು, ಎರಡು ಹನಿ ಎಸೆನ್ಸ್ ಹಾಕಿ ನಾದಿದಳು. ಮೊದಲು ಚೂರುಚೂರಾಗಿದ್ದದ್ದು ಹತ್ತು ಹನ್ನೆರಡು ಮಡಿಕೆಯ ನಂತರ ಒಮ್ಮೆಲೇ ಕೂಡಿಕೊಂಡು, ಚಪಾತಿ ಹಿಟ್ಟಿನಂತೆ ನುಣುಪಾಯಿತು. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ನಾದಿದರೆ ಅಂಗೈಯ ಬಿಸಿಗೆ ಎಣ್ಣೆ ಬಿಡಲು ಶುರುವಾಗುತ್ತದೆ, ಮೊದಲ ಮುದ್ದೆಯ ಕಥೆಯೇ ಮರುಕಳಿಸುತ್ತದೆ. ಸುತ್ತಿ ಮುಚ್ಚಿ ಒಂದು ದಿನ ಬಿಟ್ಟು, ಸಕ್ಕರೆ ಪುಡಿ ಉದುರಿಸಿದ ಹಲಗೆಯ ಮೇಲೆ ಲಟ್ಟಿಸಿದಾಗ ಅರ್ಧ ಸೆಂಟಿಮೀಟರ್ ದಪ್ಪದ ಹಾಳೆ ಬಿರುಕಿಲ್ಲದೆ ಎದ್ದು ಬಂತು.

ಎಸೆನ್ಸಿನ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಮಾರ್ಜಿಪಾನಿನ ಆ ವಿಶಿಷ್ಟ ವಾಸನೆ ಬೆನ್ಜಾಲ್ಡಿಹೈಡ್ ಎಂಬ ವಸ್ತುವಿನದು. ಅದು ಹುಟ್ಟುವುದು ಕಹಿ ಬಾದಾಮಿಯಲ್ಲಿರುವ ಅಮಿಗ್ಡಾಲಿನ್ ಒಡೆದಾಗ, ಮತ್ತು ಅದರ ಜೊತೆಗೇ ಸಯನೈಡ್ ವಿಷವೂ ಹುಟ್ಟುತ್ತದೆ. ಸಣ್ಣ ಗಾತ್ರದ ಗುರ್ಬಂದಿ ಬಾದಾಮಿಯಲ್ಲಿ ಕಹಿ ಬೀಜಗಳು ಬೆರೆತಿರುವುದುಂಟು. ಪರಿಮಳ ಹೆಚ್ಚಲಿ ಎಂದು ಅವನ್ನು ಬೇಕೆಂದೇ ಸೇರಿಸುವುದು ಮನೆಯಲ್ಲಿ ಮಾಡಬಾರದ ಕೆಲಸ. ಸಿಹಿ ಬಾದಾಮಿಗೆ ಎರಡು ಹನಿ ಎಸೆನ್ಸ್ ಸಾಕು.

ಬ್ರೆಡ್ಡಿನ ಒಳಗಿನ ಸುರುಳಿ

ಹೊದಿಕೆಯ ಮುದ್ದೆಯನ್ನೇ ಬ್ರೆಡ್ಡಿನೊಳಗೂ ಇಡಬಹುದೆಂದು ಆಕೆ ಎಣಿಸಿದ್ದಳು. ಇದನ್ನು ಮಾತ್ರ ಕೆಡುವ ಮೊದಲೇ ತಡೆದೆವು. ಸಮಸಮ ಸಕ್ಕರೆಯಿರುವ ಮುದ್ದೆ ಓವನ್ನಿನ ಬಿಸಿಗೆ ಕರಗಿ ಹರಿದು, ಬ್ರೆಡ್ಡಿನ ನಡುವೆ ಪೊಳ್ಳು ಬಿಟ್ಟು ಕೆಳಗೆ ಅಂಟುತ್ತದೆ. ಬೇಯುವ ತಿಂಡಿಯೊಳಗೆ ಬಾದಾಮಿ ಹೆಚ್ಚು, ಸಕ್ಕರೆ ಕಡಿಮೆ ಇರುವ ಮುದ್ದೆಯೇ ಬೇಕು. ಈ ವ್ಯತ್ಯಾಸವನ್ನು ಜರ್ಮನಿಯವರು ನಿಯಮವಾಗಿಯೇ ಬರೆದಿಟ್ಟಿದ್ದಾರೆ: ಅಲ್ಲಿನ ಕಚ್ಚಾ ಬಾದಾಮಿ ಮುದ್ದೆಯಲ್ಲಿ ಸಕ್ಕರೆ ನೂರಕ್ಕೆ 35 ಭಾಗ, ನೀರು 17 ಭಾಗ ಮೀರುವಂತಿಲ್ಲ, ಆ ಕಚ್ಚಾ ಮುದ್ದೆಗೆ ಅದರ ತೂಕದಷ್ಟು ಸಕ್ಕರೆಯವರೆಗೆ ಸೇರಿಸಿದರೆ ಅದು ಮಾರ್ಜಿಪಾನ್. 1996ರಿಂದ ಯುರೋಪಿನ ಭೌಗೋಳಿಕ ಹೆಸರಿನ ರಕ್ಷಣೆ ಪಡೆದಿರುವ ಲ್ಯೂಬೆಕ್ ನಗರದ ಮಾರ್ಜಿಪಾನಿನಲ್ಲಿ ಹೀಗೆ ಸೇರಿಸುವ ಸಕ್ಕರೆಯನ್ನು ಇನ್ನೂ ಇಳಿಸಿ, ಕಚ್ಚಾ ಮುದ್ದೆ 70 ಭಾಗಕ್ಕೆ ಸಕ್ಕರೆ 30 ಭಾಗ ಮೀರಬಾರದೆಂದು ಬಿಗಿಮಾಡಿಕೊಂಡಿದ್ದಾರೆ. ನಾವು ಬ್ರೆಡ್ಡಿಗೆ ಬಾದಾಮಿ ಎರಡು ಪಾಲು, ಸಕ್ಕರೆ ಒಂದು ಪಾಲಿನಂತೆ ಬೇರೆಯೇ ಮುದ್ದೆ ಕಟ್ಟಿದೆವು. ಬೆಂದ ಮೇಲೆ ಕೊಯ್ದಾಗ ಸುರುಳಿ ನಾಣ್ಯದಂತೆ ದುಂಡಗೆ, ಇಟ್ಟ ಜಾಗದಲ್ಲೇ ಇತ್ತು.

ಕೆಟ್ಟ ಎರಡು ಮುದ್ದೆಗಳು ಮತ್ತು ಫಲಿತಾಂಶ

ಎಣ್ಣೆ ಬಿಟ್ಟ ಕೇಕಿನ ಐಸಿಂಗನ್ನೂ ಹೊದಿಕೆಯನ್ನೂ ಪೂರ್ತಿ ಸುಲಿದು ತೆಗೆದು, ಹೊಸ ಜ್ಯಾಮ್ ಸವರಿ, ಹೊಸ ಹಾಳೆ ಹೊದಿಸಿದೆವು. ಕೇಕಿಗೆ ಏನೂ ಆಗಿರಲಿಲ್ಲ. ಆ ಹಳೆಯ ಹೊದಿಕೆಯಲ್ಲಿ ಹಸಿ ಮೊಟ್ಟೆಯಿದ್ದ ಕಾರಣ ಅದನ್ನು ಬೆಣ್ಣೆ ಬಿಸ್ಕತ್ತಿನ ಹಿಟ್ಟಿಗೆ ಸೇರಿಸಿ ಬೇಯಿಸಿಬಿಟ್ಟಳು, ಅಲ್ಲಿ ಹೆಚ್ಚುವರಿ ಎಣ್ಣೆ ಬೆಣ್ಣೆಯ ಲೆಕ್ಕದಲ್ಲೇ ಸೇರಿಹೋಯಿತು. ಪುಡಿಯಾದ ಎರಡನೆಯ ಮುದ್ದೆಗೆ ಏಲಕ್ಕಿ, ಒಣಕೊಬ್ಬರಿ ಬೆರೆಸಿ ನೆವ್ರಿಗಳ ಹೂರಣ ಮಾಡಿದಳು. ಹೂರಣ ಒಣಗಿದಷ್ಟೂ ನೆವ್ರಿ ಎಣ್ಣೆಯಲ್ಲಿ ಬಾಯಿ ಬಿಡುವುದು ಕಡಿಮೆ. ಆ ವರ್ಷದ ನೆವ್ರಿಗಳಲ್ಲಿ ಒಂದೂ ಒಡೆಯಲಿಲ್ಲ.

ಡಿಸೆಂಬರ್ 16ರ ಹೊತ್ತಿಗೆ ಆರೂ ಕೇಕುಗಳಿಗೆ ಹೊದಿಕೆ ಮುಗಿಯಿತು. ಮೊದಲ ಬಾರಿ ಒಂದೇ ದಿನಕ್ಕೆ ಐಸಿಂಗ್ ಬಳಿದಿದ್ದಳು. ಈ ಸಲ ಹೊದಿಕೆಯ ಮೇಲ್ಮೈ ತುಸು ಬಿಗಿದುಕೊಳ್ಳಲೆಂದು ಎರಡು ದಿನ ತೆರೆದಿಟ್ಟು 18ರಂದು ಬಳಿದಳು. ಪ್ರತಿ ಡಬ್ಬಿಯ ಮೇಲೂ ಬಾದಾಮಿ ಇದೆ, ಮೊಟ್ಟೆ ಇದೆ, ಗೋಡಂಬಿ ಇದೆ ಎಂದು ಕೈಬರಹದಲ್ಲಿ ಬರೆದಳು. ಬಾದಾಮಿಯೆಂದು ಹೇಳಿ ಗೋಡಂಬಿ ಬೆರೆಸುವುದು ಕೆಲವರ ರೂಢಿ. ಬೀಜಗಳ ಅಲರ್ಜಿ ಇರುವವರ ಮನೆಗೆ ಅದು ಪ್ರಾಣಕ್ಕೇ ಎರವಾಗಬಹುದಾದ್ದರಿಂದ ಈ ಬರಹವನ್ನು ನಾನು ರುಚಿಯಷ್ಟೇ ಮುಖ್ಯವೆಂದು ಭಾವಿಸುತ್ತೇನೆ.

ಐದು ಕೇಕುಗಳು 22ರಂದು ಹೋದವು. ಆರನೆಯದನ್ನು ಕೇಳಿದ್ದವರು ಊರಿನಲ್ಲಿರಲಿಲ್ಲ. ಅವರು ಮರಳಿದ ಮೇಲೆ, ಮೂರು ರಾಜರ ಹಬ್ಬವಾದ ಜನವರಿ 6ರಂದು, ನಮ್ಮೆದುರಿಗೇ ಅದನ್ನು ಕೊಯ್ದರು. ಹೊದಿಸಿ ಮೂರು ವಾರ ಕಳೆದಿತ್ತು. ಐಸಿಂಗ್ ಅಂಚಿನವರೆಗೂ ಬೆಳ್ಳಗಿತ್ತು, ಚಾಕು ಬಾದಾಮಿಯ ಪದರದಲ್ಲಿ ಒಂದೇ ಒತ್ತಿಗೆ ಇಳಿಯಿತು, ಕತ್ತರಿಸಿದ ಮುಖದಲ್ಲಿ ಕಪ್ಪು ಕೇಕಿಗೂ ಬಿಳಿ ಐಸಿಂಗಿಗೂ ನಡುವೆ ದಂತದ ಬಣ್ಣದ ಗೆರೆ ಒಂದೇ ಅಗಲದಲ್ಲಿ ಸುತ್ತಿ ಬಂದಿತ್ತು. ಮಂಗಳೂರಿನಿಂದ ಬಂದಿದ್ದ ತಾಯಿ ಒಂದು ಚೂರು ಬಾಯಿಗಿಟ್ಟು, ಪನ್ನೀರು ಇನ್ನೂ ಅರ್ಧ ಚಮಚ ಹಿಡಿಯುತ್ತಿತ್ತು ಎಂದರು. ಚೀಟಿಯ ಹಿಂಬದಿಯಲ್ಲಿ ಮಗಳು ಅದನ್ನೂ ಬರೆದುಕೊಂಡಳು, ಅಲ್ಲಿ ಆಗಲೇ "ಬೆಂಗಳೂರಿನಲ್ಲಿ 113, ಬಟ್ಟಲಿನ ನೀರಲ್ಲಿ ನೋಡಿಯೇ ಇಳಿಸುವುದು, ಜಾರು ಬೆಚ್ಚಗಾದರೆ ನಿಲ್ಲಿಸುವುದು" ಎಂಬ ಎರಡು ಸಾಲುಗಳಿದ್ದವು.